ಹದಿನಾಲ್ಕು ಗಿಡುಗ, ಇಬ್ಬರು ಆಳು: ಕೊಲ್ಲಿಗೆ ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ಬೇಲೂರು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಮನೆಯ ಹುಡುಗ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಏಜೆಂಟ್ ಕಳಿಸಿದ ಸಂದೇಶ. ಅಬುಧಾಬಿಯ ಹೊರವಲಯದಲ್ಲಿ ಬೇಟೆಗಿಡುಗಗಳನ್ನು ನೋಡಿಕೊಳ್ಳುವ ಕೆಲಸ. ಹದಿನಾಲ್ಕು ಹಕ್ಕಿ, ಇಬ್ಬರು ಆಳು, ಊಟ ವಸತಿ ಅವರದೇ.

"ಹದಿನಾಲ್ಕು ಎಂದರೆ ಹೆಚ್ಚೇನಲ್ಲ ಅಲ್ಲವೇ ಅಣ್ಣ? ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ ಅರವತ್ತು ನಾಟಿಕೋಳಿ ನೋಡಿಕೊಳ್ಳುತ್ತಾಳೆ," ಎಂದ.

ನನಗೆ ನಗು ಬಂತು. ಮೊದಲ ಸಲ ಅಂಥ ಕೆಲಸಕ್ಕೆ ವಿಮಾನ ಹತ್ತಿದಾಗ ನನ್ನ ತಲೆಯಲ್ಲಿ ಇದ್ದದ್ದೂ ಕೋಳಿಯ ಲೆಕ್ಕವೇ. ಅಲ್ಲಿ ಒಂಬತ್ತು ವರ್ಷ ಸಕ್ಕಾರ್ ಆಗಿ ದುಡಿದೆ. ಗಿಡುಗ ಪಳಗಿಸಿ ಹಾರಿಸುವವನನ್ನು ಅರಬರು ಕರೆಯುವುದು ಹಾಗೆ. ಈಗ ಊರಿಗೆ ಬಂದು ಮೂರು ಎಕರೆ ಕಾಫಿ ನೋಡಿಕೊಂಡಿದ್ದೇನೆ. ವರ್ಷಕ್ಕೆ ಒಬ್ಬರೋ ಇಬ್ಬರೋ ಇದೇ ಪ್ರಶ್ನೆ ಹೊತ್ತು ಮನೆಗೆ ಬರುತ್ತಾರೆ. ಪ್ರತಿಯೊಬ್ಬರಿಗೂ ಹೊಸದಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ವಾಸಿ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಾರಾಟದ ಕಾಲದಲ್ಲಿ, ದಿನವೂ ಹಾರಿಸಲೇಬೇಕಾದ ಹಕ್ಕಿಗಳಾದರೆ, ಒಬ್ಬನಿಗೆ ಎರಡು. ಕೈ ಪಳಗಿದ ಮೇಲೆ ಮೂರು. ಇಬ್ಬರು ಸೇರಿದರೆ ಆರು. ಏಳನೆಯದು ಬಂದರೆ ಅದನ್ನು ಹಾರಿಸಲು ಬೆಳಗೇ ಉಳಿದಿರುವುದಿಲ್ಲ. ಗರಿ ಉದುರುವ ಬೇಸಿಗೆಯಲ್ಲಿ ಮಾತ್ರ ಒಬ್ಬನೇ ಹನ್ನೆರಡನ್ನು ನೋಡಿಕೊಳ್ಳಬಹುದು. ಇವು ನನ್ನ ಕೈಯ ಅಂಕಿಗಳು. ನಿಮ್ಮ ಅಂಕಿಯನ್ನು ನೀವೇ ಕಂಡುಕೊಳ್ಳುವ ಬಗೆಯನ್ನು ಮುಂದೆ ಹೇಳುತ್ತೇನೆ.

ನಮ್ಮ ಊರಿನಲ್ಲಿ ಉತ್ತರ ಸೊನ್ನೆ

ಈ ಲೆಕ್ಕವೆಲ್ಲ ಅಲ್ಲಿಯದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡಿನ ಗಿಡುಗವನ್ನು ಹಿಡಿಯುವುದೂ ಅಪರಾಧ, ಮನೆಯಲ್ಲಿ ಕಟ್ಟಿಕೊಳ್ಳುವುದೂ ಅಪರಾಧ. ಮೊದಲನೆಯ ಅನುಸೂಚಿಯ ಹಕ್ಕಿಯಾದರೆ ಕನಿಷ್ಠ ಮೂರು ವರ್ಷ ಜೈಲು. ಕೊಲ್ಲಿಯಿಂದ ರಜೆಗೆ ಬಂದವರಲ್ಲಿ ಕೆಲವರಿಗೆ ತೋಟದ ಸಿಲ್ವರ್ ಓಕ್ ಮರದಲ್ಲಿ ಗೂಡು ಕಟ್ಟಿದ ಶಿಕ್ರಾ ಎಂಬ ಸಣ್ಣ ಗಿಡುಗದ ಮರಿಯ ಮೇಲೆ ಕಣ್ಣು ಬೀಳುತ್ತದೆ. "ಸುಮ್ಮನೆ ಅಭ್ಯಾಸಕ್ಕೆ" ಎನ್ನುತ್ತಾರೆ. ಬೇಡ. ಮರಿ ಕೆಳಗೆ ಬಿದ್ದಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ಹಕ್ಕಿಯಿಲ್ಲದೆಯೂ ಮಾಡಬಹುದಾದ ಅಭ್ಯಾಸವಿದೆ. ಒಂದು ಲೀಟರ್ ನೀರಿನ ಬಾಟಲಿಯನ್ನು ಎಡಗೈ ಮುಷ್ಟಿಯ ಮೇಲೆ ನಿಲ್ಲಿಸಿಕೊಂಡು, ಮೊಣಕೈಯನ್ನು ಪಕ್ಕೆಗೆ ಆನಿಸದೆ, ಅರ್ಧ ಗಂಟೆ ಅಂಗಳದಲ್ಲಿ ಓಡಾಡಿ. ಒಂದು ಹೆಣ್ಣು ಗಿಡುಗದ ತೂಕ ಹೆಚ್ಚುಕಡಿಮೆ ಅಷ್ಟೇ. ಹಾಗೆ ಹಿಡಿದುಕೊಂಡೇ ಬಲಗೈಯೊಂದರಿಂದ ಹಗ್ಗದ ಗಂಟನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿ. ಅಲ್ಲಿ ಎಲ್ಲ ಗಂಟುಗಳೂ ಒಂದೇ ಕೈಯವು, ಇನ್ನೊಂದು ಕೈಯಲ್ಲಿ ಹಕ್ಕಿ ಇರುತ್ತದಲ್ಲ. ಎಷ್ಟು ಹಕ್ಕಿ ಎಂಬ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ನಿಮಗಿರುವುದು ಒಂದು ಎಡಗೈ. ಎರಡನೆಯ ಹಕ್ಕಿ ಕಾಯಲೇಬೇಕು.

ನಮ್ಮ ನೆಲಕ್ಕೆ ಈ ವಿದ್ಯೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಗಿಡುಗದ ಬೇಟೆ ಅರಸರ ವಿನೋದಗಳಲ್ಲಿ ಒಂದು. ಸಾಳುವ ಎಂಬ ಹಳೆಯ ಮಾತಿಗೂ ಅರ್ಥ ಬೇಟೆಗಿಡುಗವೇ. ಆದರೆ ಅರಸನಿಗೆ ಎಷ್ಟು ಹಕ್ಕಿಯಾದರೂ ಸರಿ, ತೂಗುವವರು, ಮೇವು ಕತ್ತರಿಸುವವರು, ಹೊತ್ತು ತಿರುಗುವವರು ಬೇರೆಯೇ ಇರುತ್ತಿದ್ದರು. ಏಜೆಂಟ್ ಹೇಳುವ ಅಂಕಿಯೂ ಯಜಮಾನನ ಅಂಕಿ. ಅದನ್ನು ಆಳಿನ ಅಂಕಿಗೆ ಇಳಿಸಿಕೊಳ್ಳುವುದು ನಿಮ್ಮ ಕೆಲಸ.

ಹೆಜ್ಜೆ 1: ಅಂಕಿಯನ್ನು ಒಡೆಯಿರಿ

"ಹದಿನಾಲ್ಕು ಹಕ್ಕಿ" ಎಂಬ ಮಾತಿಗೆ ಅರ್ಥವಿಲ್ಲ. "ಹದಿನಾಲ್ಕು ದನ" ಎಂದರೆ ಕರೆಯುವ ಹಸು ಎಷ್ಟು, ಗಬ್ಬದವು ಎಷ್ಟು, ಕರು ಎಷ್ಟು ಎಂದು ನಾವು ಕೇಳುವುದಿಲ್ಲವೇ? ಹಾಗೆಯೇ ಇದೂ.

ಮೊದಲು ಜಾತಿ. ಹುರ್ ಎಂಬುದು ಅರಬರ ಹಳೆಯ ಒಡನಾಡಿ, ಮರುಭೂಮಿಯ ಬೇಟೆಗೆ ಹೇಳಿ ಮಾಡಿಸಿದ ತಾಳಿಕೆಯ ಹಕ್ಕಿ. ಹೆಣ್ಣು ಒಂದು ಕಿಲೋದಿಂದ ಒಂದೂಕಾಲು ಕಿಲೋವರೆಗೆ ತೂಗುತ್ತದೆ. ಶಾಹೀನ್ ವೇಗಕ್ಕೆ ಹೆಸರಾದದ್ದು, ಸ್ವಭಾವದಲ್ಲಿಯೂ ಚುರುಕು. ಜೀರ್ ಉತ್ತರ ಧ್ರುವದ ಕಡೆಯ ಹಿಮಪ್ರದೇಶದ್ದು, ಇವೆಲ್ಲಕ್ಕಿಂತ ದೊಡ್ಡದು, ದೊಡ್ಡ ಹೆಣ್ಣು ಎರಡು ಕಿಲೋ ಮುಟ್ಟುವುದೂ ಉಂಟು. ಅದಕ್ಕೆ ಸೆಕೆ ಆಗದು, ತೇವದ ಗಾಳಿ ಆಗದು, ಶ್ವಾಸದ ಬೂಷ್ಟು ರೋಗಕ್ಕೆ ಬೇಗ ತುತ್ತಾಗುತ್ತದೆ. ಈಗ ಗಿಡುಗ ಸಾಕುವ ಅಲ್ಲಿಯ ತೋಟಗಳಲ್ಲಿ ಹೆಚ್ಚಾಗಿ ಸಿಗುವುದು ಜೀರ್‌ಗೆ ಶಾಹೀನ್ ಅಥವಾ ಹುರ್ ಸೇರಿಸಿ ಸಾಕಣೆಯಲ್ಲೇ ಹುಟ್ಟಿಸಿದ ಮಿಶ್ರತಳಿಗಳು. ನನ್ನ ಲೆಕ್ಕದಲ್ಲಿ ಶುದ್ಧ ಜೀರ್ ಒಂದಿದ್ದರೆ ಅದು ಒಂದೂವರೆ ಹಕ್ಕಿ.

ಆಮೇಲೆ ವಯಸ್ಸು. ಮೊದಲ ವರ್ಷದ ಹಕ್ಕಿಯನ್ನು ಫರ್ಖ್ ಎನ್ನುತ್ತಾರೆ. ಒಮ್ಮೆ ಗರಿ ಬದಲಿಸಿದ್ದು ಜರ್ನಾಸ್. ಫರ್ಖ್‌ಗೆ ಮನುಷ್ಯನ ಮುಖವೂ ಹೊಸದು, ಕಾರಿನ ಸದ್ದೂ ಹೊಸದು, ಕಣ್ಣಿಗೆ ಹಾಕುವ ಬುರ್ಖಾ ಎಂಬ ಚರ್ಮದ ಟೋಪಿಯೂ ಹೊಸದು. ಮೊದಲ ಮೂರು ವಾರ ಅದನ್ನು ಕೈಮೇಲೆ ಹೊತ್ತು ಸಂಜೆಯೆಲ್ಲ ಜನರ ನಡುವೆ ಕೂರಬೇಕು. ಅಂಥ ಒಂದು ಹಕ್ಕಿಯನ್ನು ಎರಡು ಎಂದು ಎಣಿಸಿ. ಹದಿನಾಲ್ಕರಲ್ಲಿ ಆರು ಫರ್ಖ್ ಇದ್ದರೆ ನಿಮ್ಮ ಮುಂದಿರುವುದು ಇಪ್ಪತ್ತು.

ಕೊನೆಯದಾಗಿ, ಹಾರುವವು ಎಷ್ಟು, ಸುಮ್ಮನೆ ಕುಳಿತಿರುವವು ಎಷ್ಟು. ಮರಿ ಮಾಡಿಸಲು ಇಟ್ಟ ಜೋಡಿ, ಗರಿ ಮುರಿದು ವಿಶ್ರಾಂತಿಯಲ್ಲಿರುವುದು, ಯಜಮಾನನ ತಂದೆಯ ಕಾಲದ ಮುದಿ ಹಕ್ಕಿ, ಇವೂ ಏಜೆಂಟನ ಹದಿನಾಲ್ಕರಲ್ಲಿ ಸೇರಿರಬಹುದು. ಹಾಗಿದ್ದರೆ ನಿಮ್ಮ ಅದೃಷ್ಟ.

ಹೆಜ್ಜೆ 2: ಒಂದು ಹಕ್ಕಿಯ ಬೆಳಗನ್ನು ಗಡಿಯಾರ ಹಿಡಿದು ಅಳೆಯಿರಿ

ಇಡೀ ಲೆಕ್ಕದ ಬುಡ ಇದು. ಮೊದಲ ವಾರ ಒಂದೇ ಹಕ್ಕಿಯನ್ನು ತೆಗೆದುಕೊಂಡು ಎಲ್ಲವನ್ನೂ ನಿಮಿಷಗಳಲ್ಲಿ ಬರೆದಿಡಿ.

ನಾನು ನಸುಕಿನ ನಾಲ್ಕೂವರೆಗೆ ಏಳುತ್ತಿದ್ದೆ. ಟಾರ್ಚ್ ಹಿಡಿದು ಮೊದಲು ನೋಡುವುದು ಹಕ್ಕಿಯನ್ನಲ್ಲ, ಅದು ಕುಳಿತ ವಕ್ರ್ ಎಂಬ ಗೂಟದ ಕೆಳಗಿನ ನೆಲವನ್ನು. ರಾತ್ರಿ ಹಾಕಿದ ಹಿಕ್ಕೆ ಸುಣ್ಣದಂತೆ ಬೆಳ್ಳಗಿದ್ದು ನಡುವೆ ಕಪ್ಪು ಚುಕ್ಕೆ ಇದ್ದರೆ ಸರಿ. ಹಸಿರಾಗಿದ್ದರೆ ಹೊಟ್ಟೆ ತೀರ ಖಾಲಿ, ಇಲ್ಲವೇ ಕಾಯಿಲೆಯ ಮೊದಲ ಸುಳಿವು. ಪಕ್ಕದಲ್ಲಿ ಹೆಬ್ಬೆರಳ ತುದಿಯಷ್ಟು ಗಾತ್ರದ ಒಂದು ಉಂಡೆ ಬಿದ್ದಿರಬೇಕು. ಹಿಂದಿನ ದಿನ ನುಂಗಿದ ಪುಕ್ಕವನ್ನು ಹಕ್ಕಿ ಉಂಡೆ ಮಾಡಿ ಬಾಯಿಯಿಂದ ಹೊರಹಾಕುತ್ತದೆ. ಆ ಉಂಡೆ ಬೀಳದೆ ಮೇವು ಕೊಡುವಂತಿಲ್ಲ, ಹಾರಿಸುವಂತೆಯೂ ಇಲ್ಲ. ಬೆರಳಲ್ಲಿ ಒತ್ತಿ ಮೂಸಿ ನೋಡಬೇಕು. ಒಣಗಿದ್ದು ವಾಸನೆಯಿಲ್ಲದಿದ್ದರೆ ಒಳ್ಳೆಯದು. ಮೂರು ನಿಮಿಷ ಹಿಡಿಯುವ ಕೆಲಸ. ಆದರೆ ಉಂಡೆ ಬೀಳದಿದ್ದರೆ ಅರ್ಧ ಗಂಟೆ ಕಾಯಬೇಕು, ಆ ಅರ್ಧ ಗಂಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಕ್ಕಡಿಗೆ ಏರಿಸಿ ತೂಗಿ ಬರೆಯುವುದಕ್ಕೆ ಐದು ನಿಮಿಷ. ಬುರ್ಖಾ ಹಾಕಿ, ಬೆನ್ನಿಗೋ ಬಾಲಕ್ಕೋ ಟ್ರಾನ್ಸ್‌ಮಿಟರ್ ಸಿಕ್ಕಿಸಿ, ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಿ, ಕಾರಿನೊಳಗೆ ಕೂರಿಸುವುದಕ್ಕೆ ಹತ್ತು. ಬಯಲಿಗೆ ಹೋಗಿ ಒಂದು ಹಕ್ಕಿಯನ್ನು ಹಾರಿಸಿ, ಇಳಿಸಿ, ಕೈಮೇಲೆ ತಿನ್ನಿಸಿ, ಮತ್ತೆ ಬುರ್ಖಾ ಹಾಕುವ ಹೊತ್ತಿಗೆ ಇಪ್ಪತ್ತೈದು ನಿಮಿಷ. ಹಿಂತಿರುಗಿ ಬಂದು ಕಾಲು, ಉಗುರು, ಗರಿ ಪರೀಕ್ಷಿಸಿ ಸ್ನಾನದ ತೊಟ್ಟಿಯ ಬಳಿ ಕಟ್ಟಲು ಹತ್ತು. ಸಂಜೆ ಕೈಮೇಲೆ ಕೂರಿಸಿಕೊಳ್ಳುವುದು, ನೆಲ ತೊಳೆಯುವುದು, ಮೇವು ಕತ್ತರಿಸುವುದು ಸೇರಿದರೆ ಇನ್ನೊಂದು ಅರ್ಧ ಗಂಟೆ. ಒಟ್ಟು ಒಂದೂಕಾಲು ಗಂಟೆಯ ಮೇಲೆ.

ದಿನಕ್ಕೆ ಹತ್ತು ಗಂಟೆ ದುಡಿದರೆ ಏಳೆಂಟು ಹಕ್ಕಿ ಆಗಬೇಕಲ್ಲ ಎಂದು ನೀವು ಕೇಳಬಹುದು. ಇಲ್ಲಿಯೇ ಎಲ್ಲರೂ ಎಡವುವುದು. ನಿಮಗಿರುವುದು ಹತ್ತು ಗಂಟೆಯಲ್ಲ. ಅಕ್ಟೋಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಆರೂಕಾಲರ ಸುಮಾರಿಗೆ. ಒಂಬತ್ತು ಗಂಟೆ ದಾಟಿತೆಂದರೆ ಬಿಸಿಗಾಳಿ ಮೇಲೇಳುತ್ತದೆ, ಹಕ್ಕಿ ಆ ಗಾಳಿಯ ಮೇಲೆ ಏರಿ ಸುತ್ತುತ್ತಾ ಕಣ್ಣಿಗೆ ಕಾಣದಷ್ಟು ಎತ್ತರಕ್ಕೆ ಹೋಗುತ್ತದೆ. ಹಾರಿಸಲು ಸಿಗುವುದು ಹೆಚ್ಚೆಂದರೆ ಎರಡೂವರೆ ಗಂಟೆ. ಬಯಲಿನ ಇಪ್ಪತ್ತೈದು ನಿಮಿಷದಿಂದ ಭಾಗಿಸಿ: ಆರು. ಅದೂ ಯಾವ ಹಕ್ಕಿಯೂ ಮೊಂಡು ಹಿಡಿಯದಿದ್ದರೆ, ಕಾರಿನ ಚಕ್ರ ಮರಳಿನಲ್ಲಿ ಹೂತುಕೊಳ್ಳದಿದ್ದರೆ.

ಈ ಆರು ಒಬ್ಬನಿಗೆ ಬರುವ ಆರಲ್ಲ. ಅಲ್ಲಿಯ ಓಟದ ತರಬೇತಿಗೆ ತೆಲ್ವಾಹ್ ಎನ್ನುತ್ತಾರೆ. ರೆಕ್ಕೆಗಳ ಕಟ್ಟೊಂದನ್ನು ಹಗ್ಗಕ್ಕೆ ಕಟ್ಟಿ ಒಬ್ಬ ಬೀಸುತ್ತಾ ಕೂಗುತ್ತಾನೆ. 400 ಮೀಟರ್ ಆಚೆ ಇನ್ನೊಬ್ಬ ಬುರ್ಖಾ ತೆಗೆದು ಹಕ್ಕಿಯನ್ನು ಬಿಡುತ್ತಾನೆ. ಎರಡು ತುದಿಗೂ ಮನುಷ್ಯ ಬೇಕು. ಆದ್ದರಿಂದ ಇಬ್ಬರು ಆಳು ಎಂದರೆ ಕೆಲಸ ಎರಡರಷ್ಟಾಗುವುದಿಲ್ಲ, ಇಬ್ಬರೂ ಸೇರಿ ಒಂದು ಆಳು. ಈಗ ಡ್ರೋನ್‌ಗೆ ರೆಕ್ಕೆಕಟ್ಟು ನೇತುಹಾಕಿ ಹಾರಿಸುವ ತೋಟಗಳಿವೆ. ಅಲ್ಲಿ ಒಬ್ಬನೇ ಮೂರನ್ನು ಹಾರಿಸಿದ್ದು ನೋಡಿದ್ದೇನೆ. ಆದರೆ ನಾಲ್ಕನೆಯದು ತಪ್ಪಿಸಿಕೊಂಡು ಹೋದರೆ ಬೆನ್ನಟ್ಟಿ ಹೋಗುವವರು ಯಾರು, ಕಾರಿನಲ್ಲಿರುವ ಮೂರನ್ನು ಕಾಯುವವರು ಯಾರು?

ಹೆಜ್ಜೆ 3: ತೂಕದ ಪುಸ್ತಕ

ಗಿಡುಗ ನಮ್ಮ ಮೇಲಿನ ಪ್ರೀತಿಗೆ ಹಿಂತಿರುಗುವುದಿಲ್ಲ. ಅದು ಬರುವುದು ಹಸಿವಿಗೆ. ಹಸಿವು ಹೆಚ್ಚಾದರೆ ಬಲವಿರುವುದಿಲ್ಲ, ಕಡಿಮೆಯಾದರೆ ನಿಮ್ಮ ಕೂಗಿಗೆ ಕಿವಿಗೊಡುವುದಿಲ್ಲ. ಈ ಎರಡರ ನಡುವೆ ಪ್ರತಿ ಹಕ್ಕಿಗೂ ಒಂದು ಹಾರಾಟದ ತೂಕವಿದೆ. ಒಂದು ಕಿಲೋ ಹಕ್ಕಿಯಲ್ಲಿ ಆ ಸಂದು ಇಪ್ಪತ್ತು ಮೂವತ್ತು ಗ್ರಾಂ. ಚಳಿ ಬಿದ್ದರೆ ಅದನ್ನು ತುಸು ಏರಿಸಬೇಕು. ರೆಕ್ಕೆಯ ಸ್ನಾಯು ಗಟ್ಟಿಯಾದಂತೆಯೂ ಏರಿಸಬೇಕು. ಎಷ್ಟು ಹಕ್ಕಿಗಳ ಈ ಲೆಕ್ಕವನ್ನು ಪುಸ್ತಕ ತೆರೆಯದೆ ಬಾಯಲ್ಲಿ ಹೇಳಬಲ್ಲಿರೋ ಅಷ್ಟೇ ನಿಮ್ಮ ಮಿತಿ.

ಇದನ್ನು ನಾನು ಕಲಿತ ಬಗೆ ಹೇಳಿಕೊಳ್ಳಲು ಈಗಲೂ ಮುಜುಗರ. ಎರಡನೆಯ ವರ್ಷ, ನವೆಂಬರ್. ಜೊತೆಗಾರ ತಂಗಿಯ ಮದುವೆಗೆಂದು ನಲವತ್ತು ದಿನ ರಜೆ ಹಾಕಿ ಹೋದ. ಒಂಬತ್ತು ಹಕ್ಕಿ ನನ್ನೊಬ್ಬನ ತಲೆಗೆ ಬಂದವು. ಮೂರನೆಯ ಗೂಟ, ನಾಲ್ಕನೆಯ ಗೂಟ ಎಂದು ಗೂಟದ ಸಾಲಿನ ಪ್ರಕಾರ ತೂಕ ಬರೆಯುವುದು ನನ್ನ ರೂಢಿಯಾಗಿತ್ತು. ಆ ಎರಡು ಗೂಟದಲ್ಲಿದ್ದವು ಎರಡು ಹುರ್, ಬಣ್ಣದಲ್ಲಿ ಒಂದರಂತೆ ಒಂದು. ಒಂದರ ಹಾರಾಟದ ತೂಕ 1,040 ಗ್ರಾಂ, ಇನ್ನೊಂದರದ್ದು 960. ಒಂದು ಸಂಜೆ ಅತಿಥಿಗಳು ಬಂದರೆಂದು ಯಾರೋ ಹಕ್ಕಿಗಳನ್ನು ಎತ್ತಿ ಒಳಗಿಟ್ಟು, ಆಮೇಲೆ ಅದಲುಬದಲು ಕೂರಿಸಿದ್ದಾರೆ. ಮರುದಿನ ಬೆಳಿಗ್ಗೆ ತೂಗಿದರೆ ಮೂರನೆಯದು ಎಂಬತ್ತು ಗ್ರಾಂ ಇಳಿದಿದೆ, ನಾಲ್ಕನೆಯದು ಎಂಬತ್ತು ಗ್ರಾಂ ಏರಿದೆ! ಒಂಬತ್ತು ಹಕ್ಕಿಯ ಗಡಿಬಿಡಿಯಲ್ಲಿ ನಿಂತು ಯೋಚಿಸುವ ವ್ಯವಧಾನ ಎಲ್ಲಿತ್ತು? ಇಳಿದದ್ದಕ್ಕೆ ಹೊಟ್ಟೆ ತುಂಬ ಹಾಕಿದೆ, ಏರಿದ್ದಕ್ಕೆ ಮೇವು ಮುರಿದೆ. ಹೀಗೆ ಮೂರು ದಿನ.

ನಾಲ್ಕನೆಯ ದಿನ ಚಿಕ್ಕ ಹುರ್ ಕೈಯಿಂದ ಬಿಟ್ಟ ಕೂಡಲೇ ರೆಕ್ಕೆಕಟ್ಟಿನ ಕಡೆಗೆ ತಿರುಗಿಯೂ ನೋಡದೆ ದಿಬ್ಬ ದಾಟಿ ಹೋಯಿತು. ಟ್ರಾನ್ಸ್‌ಮಿಟರ್ ಸುಳಿವಿನ ಮೇಲೆ ಹುಡುಕಿ ಹಿಡಿಯುವಾಗ ಸಂಜೆಯಾಗಿತ್ತು, ಹನ್ನೊಂದು ಕಿಲೋಮೀಟರ್ ದೂರ. ಅದನ್ನು ತಂದು ಕಟ್ಟುವಾಗ ಪಕ್ಕದ ಗೂಟದ ದೊಡ್ಡ ಹುರ್ ಗರಿ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕುಳಿತಿತ್ತು. ಕೆಳಗೆ ಹಸಿರು ಹಿಕ್ಕೆ. ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಹಿರಿಯ ಸಕ್ಕಾರ್ ಒಬ್ಬರು ಪಕ್ಕದ ತೋಟದಿಂದ ಬಂದರು. ಹಕ್ಕಿಯ ಎದೆಯ ಮೇಲೆ ಹೆಬ್ಬೆರಳು ಆಡಿಸಿದರು. ನನ್ನ ಬೆರಳನ್ನೂ ಎಳೆದು ಅಲ್ಲಿಟ್ಟರು. ಎದೆಮೂಳೆ ಕುಡುಗೋಲಿನ ಬೆನ್ನಿನಂತೆ ಎದ್ದು ನಿಂತಿತ್ತು, ಎರಡೂ ಪಕ್ಕ ಮಾಂಸವೇ ಇಲ್ಲ.

"ಎಷ್ಟು ಹಕ್ಕಿ ನಿನ್ನ ಹತ್ತಿರ?" ಎಂದು ಕೇಳಿದರು.

"ಒಂಬತ್ತು, ಚಾಚಾ."

"ಇದರ ಹೆಸರು?"

ನನಗೆ ನೆನಪಾಗಲಿಲ್ಲ. ನಾಲ್ಕನೆಯ ಗೂಟ ಎಂದಷ್ಟೇ ಬಾಯಿಗೆ ಬಂತು.

ಹಸಿದು ಕುಸಿದ ಹಕ್ಕಿಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಿದರೆ ಸತ್ತುಹೋಗುತ್ತದೆ. ಪುಕ್ಕ, ಮೂಳೆ ತೆಗೆದ ಮಾಂಸವನ್ನು ಉಗುರಿನಷ್ಟು ಚೂರು ಮಾಡಿ, ನೀರಿನಲ್ಲಿ ಅದ್ದಿ, ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಕೊಟ್ಟೆವು. ಬೆಳಿಗ್ಗೆ ಆಸ್ಪತ್ರೆಗೆ ಒಯ್ದೆವು. ಬದುಕಿತು. ಆ ಋತುವಿನಲ್ಲಿ ಮಾತ್ರ ಮತ್ತೆ ಹಾರಲಿಲ್ಲ.

ಅಂದಿನಿಂದ ನಾನು ತೂಕವನ್ನು ಬರೆಯುವುದು ಕಾಲಿನ ಉಂಗುರದ ಸಂಖ್ಯೆಯ ಮುಂದೆ. ತೂಕದ ಪಕ್ಕದಲ್ಲಿ ಎದೆಮೂಳೆ ಕೈಗೆ ಹೇಗೆ ತಾಕಿತು ಎಂದು ಒಂದು ಮಾತು, ಕೊಟ್ಟ ಮೇವು ಎಷ್ಟು ಗ್ರಾಂ, ಉಂಡೆ ಬಿತ್ತೇ, ಕರೆದಾಗ ಎಷ್ಟು ಬೇಗ ಬಂತು. ಒಂದು ಹಕ್ಕಿಗೆ ಒಂದು ಸಾಲು. ಆ ಸಾಲನ್ನು ತುಂಬಲು ಬೇಸರ ಬಂದ ದಿನ ಹಕ್ಕಿ ಹೆಚ್ಚಾಗಿವೆ ಎಂದು ತಿಳಿಯಿರಿ.

ಹೆಜ್ಜೆ 4: ಮೇವು

ಇದು ಸುಲಭದ ಭಾಗ, ಹೆಚ್ಚು ಬರೆಯುವುದಿಲ್ಲ. ಒಂದು ಕಿಲೋ ಆಸುಪಾಸಿನ ಹಕ್ಕಿಗೆ ದಿನಕ್ಕೆ ನೂರರಿಂದ ನೂರೈವತ್ತು ಗ್ರಾಂ ಮಾಂಸ ಬೇಕು. ಹೆಚ್ಚಾಗಿ ಕೌಜಲಕ್ಕಿ ಜಾತಿಯ ಸಾಕು ಹಕ್ಕಿಯನ್ನು ಪುಕ್ಕದ ಸಮೇತ ಕೊಡುತ್ತಾರೆ. ಪಾರಿವಾಳ ಕೊಡುವಾಗ ಎಚ್ಚರ. ಅದರ ಗಂಟಲಲ್ಲಿರುವ ಸೂಕ್ಷ್ಮಜೀವಿಯಿಂದ ಗಿಡುಗದ ಬಾಯಲ್ಲಿ ಬೆಣ್ಣೆಯಂಥ ಬಿಳಿ ಹುಣ್ಣು ಏಳುತ್ತದೆ. ತಂಪುಪೆಟ್ಟಿಗೆಯಿಂದ ತೆಗೆದದ್ದನ್ನು ಪೂರ್ತಿ ಕರಗಿಸಿಯೇ ಕೊಡಿ, ಉಳಿದದ್ದನ್ನು ಎಸೆಯಿರಿ. ಮೇವಿನ ದೃಷ್ಟಿಯಿಂದ ಮಾತ್ರ ನೋಡಿದರೆ ಇಪ್ಪತ್ತು ಹಕ್ಕಿಯೂ ಕಷ್ಟವಲ್ಲ. ಏಜೆಂಟರು ಲೆಕ್ಕ ಹಾಕುವುದು ಇಷ್ಟನ್ನೇ.

ಹೆಜ್ಜೆ 5: ಯಾರ ಪಕ್ಕದಲ್ಲಿ ಯಾರು

ಗೂಟ ನೆಡುವ ಜಾಗದಲ್ಲಿ ಎರಡು ಹಕ್ಕಿಗಳು ತಮ್ಮ ಹಗ್ಗವನ್ನು ಪೂರ್ತಿ ಎಳೆದರೂ ರೆಕ್ಕೆಗೆ ರೆಕ್ಕೆ ತಾಗಬಾರದು. ಗಿಡುಗಗಳಲ್ಲಿ ಹೆಣ್ಣು ದೊಡ್ಡದು, ಗಂಡು ಸುಮಾರು ಮೂರನೆಯ ಒಂದು ಪಾಲು ಚಿಕ್ಕದು. ಗಂಟು ಸಡಿಲಾಗಿ ಹೆಣ್ಣು ಜೀರ್ ಒಂದು ಗಂಡು ಶಾಹೀನ್ ಬಳಿಗೆ ಹೋಯಿತೆಂದರೆ ಬೆಳಿಗ್ಗೆ ನಿಮಗೆ ಸಿಗುವುದು ಗರಿ ಮಾತ್ರ. ಹೊಸದಾಗಿ ಬಂದ ಹಕ್ಕಿಯನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಡಬೇಕು, ಅದರ ಕೈಗವಸು, ತಕ್ಕಡಿಯ ಗೂಟ ಎಲ್ಲವೂ ಬೇರೆ. ಹದಿನಾಲ್ಕು ಹಕ್ಕಿ ಇರುವ ತೋಟದಲ್ಲಿ ಹೀಗೆ ಬೇರೆ ಇಡಲು ಜಾಗವಿಲ್ಲದಿದ್ದರೆ ಅಲ್ಲಿ ಹದಿನಾಲ್ಕು ಇರಬಾರದು, ಅಷ್ಟೇ.

ನಮ್ಮ ಕಡೆಯವರಿಗೆ ಒಂದು ವಿಷಯ ಬೇಗ ಅರ್ಥವಾಗುತ್ತದೆ. ಆಷಾಢದಲ್ಲಿ ಹುಲ್ಲಿನ ಬಣವೆಯ ಒಳಗಿನಿಂದ ಒಂದು ಕಂತೆ ಎಳೆದಾಗ ಮೂಗಿಗೆ ಬಡಿಯುವ ಬೂಷ್ಟಿನ ವಾಸನೆ ಗೊತ್ತಲ್ಲ? ಅಂಥ ಬೂಷ್ಟೇ ಗಿಡುಗದ ಶ್ವಾಸಕೋಶವನ್ನು ತಿನ್ನುವುದು. ಕೋಣೆಯಲ್ಲಿ ಆ ವಾಸನೆಯ ಸುಳಿವು ಸಿಕ್ಕರೂ ಹಕ್ಕಿಗಳನ್ನು ಹೊರಗೆ ತನ್ನಿ. ಜೀರ್‌ಗಳನ್ನು ಮೊದಲು ತನ್ನಿ.

ಇನ್ನು ಕಾಲಿನ ಮಾತು. ಹಾರದೆ, ಮೈಬೆಳೆಸಿಕೊಂಡು, ಒಂದೇ ಗೂಟದ ಮೇಲೆ ವಾರಗಟ್ಟಲೆ ಕುಳಿತ ಹಕ್ಕಿಯ ಅಂಗಾಲು ಮೊದಲು ಕೆಂಪಾಗಿ ಮಿರುಗುತ್ತದೆ, ಆಮೇಲೆ ಆಣಿ ಬೀಳುತ್ತದೆ, ಕೊನೆಗೆ ಬಾತು ಕೀವು ತುಂಬುತ್ತದೆ. ಗೂಟದ ತಲೆಗೆ ಕೃತಕ ಹುಲ್ಲಿನ ಹಾಸು ಹಾಕುವುದರಿಂದ ಸ್ವಲ್ಪ ಅನುಕೂಲವುಂಟು, ಆದರೆ ನಿಜವಾದ ಮದ್ದು ಹಾರಾಟ. ಆರನ್ನು ಹಾರಿಸುವ ಶಕ್ತಿಯಿರುವ ಇಬ್ಬರು ಒಂಬತ್ತನ್ನು ಕಟ್ಟಿಕೊಂಡರೆ ಉಳಿದ ಮೂರು ಹಕ್ಕಿಗಳ ಅಂಗಾಲಿನಲ್ಲಿ ಅವರ ತಪ್ಪು ಬರೆದಿರುತ್ತದೆ. ತೋಟಕ್ಕೆ ಹೋದ ಮೊದಲ ದಿನ ಎಲ್ಲ ಹಕ್ಕಿಗಳ ಅಂಗಾಲನ್ನು ತಿರುಗಿಸಿ ನೋಡಿ. ಹಿಂದಿನವನು ಎಷ್ಟನ್ನು ನಿಭಾಯಿಸುತ್ತಿದ್ದ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.

ಹೆಜ್ಜೆ 6: ಒಂದು ಹಕ್ಕಿಯ ಜಾಗವನ್ನು ಖಾಲಿ ಬಿಡಿ

ಬಂದ ಅಂಕಿಯಲ್ಲಿ ಒಂದನ್ನು ಕಳೆಯಿರಿ. ಕಾಯಿಲೆ ಬಿದ್ದ ಒಂದು ಹಕ್ಕಿ ಒಂದು ಇಡೀ ಬೆಳಗನ್ನು ನುಂಗುತ್ತದೆ. ಅಬುಧಾಬಿಯಲ್ಲಿ 1999ರಿಂದ ಗಿಡುಗಗಳಿಗೇ ಮೀಸಲಾದ ಆಸ್ಪತ್ರೆ ಇದೆ, ಅಲ್ಲಿ ಬುರ್ಖಾ ಹಾಕಿದ ಹಕ್ಕಿಗಳು ಸಾಲಾಗಿ ಕುಳಿತು ಸರದಿ ಕಾಯುವುದು ನೋಡುವಂತಿರುತ್ತದೆ. ಅಲ್ಲಿಗೆ ಹೋಗಿ ಬರುವ ದಿನ ಉಳಿದವನ್ನು ಹಾರಿಸುವವರಿರಬೇಕು. ಬೇಟೆಗೆ ಹೊರದೇಶಕ್ಕೆ ಹೋಗುವ ವಾರದಲ್ಲಂತೂ ಕಾಗದಪತ್ರಗಳ ಕೆಲಸವೇ ಒಂದು ಆಳಿನದ್ದು. ಅಲ್ಲಿ ಗಿಡುಗಕ್ಕೂ ಪಾಸ್‌ಪೋರ್ಟ್ ಉಂಟು, ಕಾಲಿನ ಉಂಗುರದ ಸಂಖ್ಯೆ ಅದರಲ್ಲಿ ದಾಖಲಾಗಿರುತ್ತದೆ. ನನ್ನ ಪಾಸ್‌ಪೋರ್ಟ್ ಯಜಮಾನನ ಕಚೇರಿಯ ಕಪಾಟಿನಲ್ಲಿ, ಹಕ್ಕಿಗಳದ್ದು ನನ್ನ ಜೇಬಿನಲ್ಲಿ. ಆ ತಮಾಷೆಯನ್ನು ಇಲ್ಲಿಗೇ ಬಿಡುತ್ತೇನೆ.

ಹೆಜ್ಜೆ 7: ಬೇಸಿಗೆಯ ಅಂಕಿಯನ್ನು ನಂಬಬೇಡಿ

ಮಾರ್ಚ್ ಕಳೆದು ಸೆಕೆ ಏರಿತೆಂದರೆ ಹಾರಾಟ ನಿಲ್ಲುತ್ತದೆ. ಹಕ್ಕಿಗಳನ್ನು ಹವಾನಿಯಂತ್ರಿತ ಕೋಣೆಗೆ ಬಿಟ್ಟು, ಹೊಟ್ಟೆ ತುಂಬ ಮೇವು ಕೊಟ್ಟು, ಗದ್ದಲವಿಲ್ಲದೆ ಇರಿಸುತ್ತಾರೆ. ಒಂದೊಂದು ರೆಕ್ಕೆಯ ಹತ್ತು ದೊಡ್ಡ ಗರಿ, ಬಾಲದ ಹನ್ನೆರಡು ಗರಿ ಒಂದರ ಹಿಂದೊಂದು ಉದುರಿ ಹೊಸದು ಬರುವಷ್ಟರಲ್ಲಿ ಸೆಪ್ಟೆಂಬರ್ ಆಗಿರುತ್ತದೆ. ಈ ಆರು ತಿಂಗಳು ಒಬ್ಬನೇ ಹನ್ನೆರಡು ಹಕ್ಕಿ ನೋಡಿಕೊಂಡು, ಮಧ್ಯಾಹ್ನ ಮಲಗಿ, ಮನೆಗೆ ವಿಡಿಯೋ ಕರೆಯನ್ನೂ ಮಾಡಿದ್ದೇನೆ. ಹೊಸದಾಗಿ ಏಪ್ರಿಲ್, ಮೇ ತಿಂಗಳಲ್ಲಿ ಹೋದವರು "ಕೆಲಸ ಏನೂ ಇಲ್ಲ, ಆರಾಮ" ಎಂದು ಊರಿಗೆ ಫೋನ್ ಮಾಡುವುದು ಇದಕ್ಕೇ. ನಮ್ಮಲ್ಲಿ ಕಾಫಿ ತೋಟದ ಕೆಲಸವನ್ನು ಜೂನ್ ತಿಂಗಳಲ್ಲಿ ನೋಡಿ, ಡಿಸೆಂಬರ್ ಕುಯ್ಲಿಗೆ ಆಳಿನ ಲೆಕ್ಕ ಹಾಕಿದಂತೆ. ಕುಯ್ಲೂ ಗಿಡುಗದ ಹಾರಾಟವೂ ಒಂದೇ ತಿಂಗಳುಗಳಲ್ಲಿ ಬೀಳುತ್ತವೆ. ಮನೆಯ ಕುಯ್ಲಿಗೆ ಒಂಬತ್ತು ವರ್ಷದಲ್ಲಿ ನಾನು ಬಂದದ್ದು ಒಂದೇ ಸಲ.

ಬೇರೆಯವರು ಎಷ್ಟು ಎನ್ನುತ್ತಾರೆ

ಅಮೆರಿಕದಲ್ಲಿ ಇದಕ್ಕೆ ಸರ್ಕಾರದ ನಿಯಮವೇ ಇದೆ. ಕಲಿಯುವವನಿಗೆ ಒಂದೇ ಹಕ್ಕಿ. ಕನಿಷ್ಠ ಎರಡು ವರ್ಷ ಕಲಿತು, ಹದಿನಾರು ತುಂಬಿದ ಮೇಲೆ ಮುಂದಿನ ದರ್ಜೆ, ಅದಕ್ಕೆ ಮೂರು. ಆ ದರ್ಜೆಯಲ್ಲಿ ಐದು ವರ್ಷ ಕಳೆದವನಿಗೆ ಕಾಡಿನಿಂದ ಹಿಡಿದ ಹಕ್ಕಿ ಐದು. ಸಾಕಣೆಯಲ್ಲಿ ಹುಟ್ಟಿದವಕ್ಕೆ ಮಿತಿಯಿಲ್ಲ, ಆದರೆ ಅವನ್ನೂ ಬೇಟೆಗೆ ಪಳಗಿಸಿ ಹಾರಿಸಲೇಬೇಕು. ಮಿತಿಗಿಂತ ನನಗೆ ಹಿಡಿಸಿದ್ದು ಆ ಕೊನೆಯ ಷರತ್ತು. ಅಲ್ಲಿಯ ಹ್ಯಾರಿಸ್ ಎಂಬ ಗಿಡುಗ ಮಾತ್ರ ನಮ್ಮ ಈ ಲೆಕ್ಕವನ್ನು ಮುರಿಯುತ್ತದೆ: ಅದು ಕಾಡಿನಲ್ಲಿಯೇ ಗುಂಪು ಕಟ್ಟಿ ಬೇಟೆಯಾಡುವ ಜಾತಿ, ಎರಡು ಮೂರನ್ನು ಒಟ್ಟಿಗೇ ಬಿಡಬಹುದು. ಹುರ್, ಶಾಹೀನ್‌ಗಳನ್ನು ಹಾಗೆ ಬಿಡಲು ಹೋಗಬೇಡಿ. ಜೋಡಿಯಾಗಿ ಹಾರಿಸುವ ನುರಿತ ಕೈಗಳಿವೆ, ನಿಜ. ಹೊಸಬರ ಕೈಯಲ್ಲಿ ಅವು ಬೇಟೆ ಬಿಟ್ಟು ಒಂದನ್ನೊಂದು ಹಿಡಿಯುತ್ತವೆ.

ಹೆಜ್ಜೆ 8: ಏರಿಸುವ ಬಗೆ, ಬೇಡವೆನ್ನುವ ಬಗೆ

ಒಂದರಿಂದ ಶುರು ಮಾಡಿ, ಅದೂ ಜರ್ನಾಸ್. ಅದು ಎರಡು ವಾರ ಬಿಡದೆ ತನ್ನ ತೂಕದಲ್ಲಿ ಹಾರಿ ಹಿಂತಿರುಗಿದ ಮೇಲೆ ಎರಡನೆಯದು. ಎರಡನೆಯದು ಬಂದ ಮೇಲೂ ಮೊದಲನೆಯದರ ಸಾಲು ಹಾಗೆಯೇ ತುಂಬುತ್ತಿದೆಯೇ, ಕರೆದಾಗ ಅಷ್ಟೇ ಬೇಗ ಬರುತ್ತಿದೆಯೇ ನೋಡಿ. ನಿಧಾನವಾಗಿದ್ದರೆ ಮೂರನೆಯದಕ್ಕೆ ಕೈ ಹಾಕಬೇಡಿ. ಒಂದು ಋತುವಿಗೆ ಒಂದೇ ಫರ್ಖ್. ಯಜಮಾನ ಇನ್ನೂ ಒಂದು ತಂದರೆ ಎದುರು ಮಾತಾಡುವುದು ಕಷ್ಟ. ಪುಸ್ತಕ ತೆರೆದು ತೋರಿಸುವುದು ಸುಲಭ. "ಈ ಮೂರು ಹಕ್ಕಿ ನಾಲ್ಕು ದಿನದಿಂದ ಹಾರಿಲ್ಲ" ಎಂದು ಬೆರಳಿಟ್ಟರೆ, ಹಕ್ಕಿಗೆ ಹಣ ಸುರಿದವರಿಗೆ ಅದು ಬೇಗ ಅರ್ಥವಾಗುತ್ತದೆ. ನನ್ನ ಕೊನೆಯ ಯಜಮಾನ ಆ ಪುಟ ನೋಡಿ ಮರುವಾರವೇ ಎರಡು ಹಕ್ಕಿಯನ್ನು ತಮ್ಮನ ತೋಟಕ್ಕೆ ಕಳಿಸಿದರು.

ಹುಡುಗನಿಗೆ ಅಲ್ಲೇ ಹೋಟೆಲಿನ ಬಿಲ್ಲಿನ ಹಿಂದೆ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಹದಿನಾಲ್ಕರಲ್ಲಿ ದಿನವೂ ಹಾರುವವು ಎಷ್ಟು? ಫರ್ಖ್ ಎಷ್ಟು? ಬಯಲಿಗೆ ಹೋಗುವ ಕಾರು ಎಷ್ಟು? ಇಬ್ಬರ ಪೈಕಿ ಇನ್ನೊಬ್ಬನಿಗೆ ಬೇರೆ ಕೆಲಸವೂ ಇದೆಯೇ?

ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಏಜೆಂಟನಿಂದ ಉತ್ತರ ಬಂತು. ಹಾರುವವು ಒಂಬತ್ತು, ಫರ್ಖ್ ನಾಲ್ಕು, ಕಾರು ಒಂದು. ಹುಡುಗ ಬೆರಳು ಮಡಚಿ ಎಣಿಸಿದ. "ಹದಿಮೂರಾಯಿತಲ್ಲ ಅಣ್ಣ," ಎಂದ. ಕೊನೆಯ ಪ್ರಶ್ನೆಯನ್ನು ಏಜೆಂಟ್ ಬಿಟ್ಟಿದ್ದ. ಮತ್ತೊಮ್ಮೆ ಕೇಳು ಎಂದೆ. ನಮ್ಮ ಬಸ್ ಹಗರೆ ದಾಟುವಾಗ ಮೊಬೈಲ್ ಸದ್ದು ಮಾಡಿತು: ಇನ್ನೊಬ್ಬ ಯಜಮಾನರ ಮನೆಯ ಡ್ರೈವರ್, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಾನೆ.